ಎರಡು ದಿನದ ಮರಿ ಅಂಗೈಯಲ್ಲಿ

ನಮ್ಮೂರು ಸಿದ್ದಾಪುರದ ಕಡೆ. ಬೆಟ್ಟದಿಂದ ದರಕು, ಅಂದರೆ ಒಣಗಿದ ಎಲೆ, ತಂದು ಕೊಟ್ಟಿಗೆಗೆ ಹಾಸುವ ಮನೆ ನಮ್ಮದು. ಡಿಸೆಂಬರ್ ಬಂತೆಂದರೆ ಉಣುಗಿನ (ಉಣ್ಣೆ ಹುಳದ) ಭಯ, ಅದು ಕಚ್ಚಿ ಬರುವ ಮಂಗನ ಕಾಯಿಲೆಯ ಭಯ. ಆ ಕಾಯಿಲೆ ಪತ್ತೆ ಮಾಡುವ ಲ್ಯಾಬ್ ಒಂದರಲ್ಲಿ ಟೆಕ್ನಿಷಿಯನ್ ಕೆಲಸ ಸಿಕ್ಕಾಗ ಖುಷಿಯಿಂದ ಹೋದೆ. ಅಲ್ಲಿ ನನ್ನ ಪಾಲಿಗೆ ಬಂದದ್ದು ಬಿಳಿ ಇಲಿಗಳು.

ಆರ್‌ಟಿ-ಪಿಸಿಆರ್ ಇನ್ನೂ ಬಂದಿರಲಿಲ್ಲ. ಜ್ವರ ಬಂದವರ ರಕ್ತದಿಂದ ಬೇರ್ಪಡಿಸಿದ ಸೀರಮ್ಮನ್ನು ಹುಟ್ಟಿ ಒಂದೆರಡು ದಿನವಾದ ಮರಿಗಳ ಮಿದುಳಿಗೆ ಚುಚ್ಚಿ ನೋಡಬೇಕಿತ್ತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಈ ವೈರಸ್ಸನ್ನು ಹಿಡಿದದ್ದೂ ಇಲಿಗಳ ಸಹಾಯದಿಂದಲೇ.

ಎರಡು ದಿನದ ಮರಿ ಎಂದರೆ ಕಡಲೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಕೂದಲಿಲ್ಲ, ಕಣ್ಣು ತೆರೆದಿಲ್ಲ. ಚರ್ಮ ಎಷ್ಟು ತೆಳು ಎಂದರೆ ಕುಡಿದ ಹಾಲು ಹೊಟ್ಟೆಯಲ್ಲಿ ಬೆಳ್ಳಗೆ ಕಾಣುತ್ತದೆ. ಒಂದೊಂದಕ್ಕೆ 0.02 ಮಿಲಿಲೀಟರ್, ಅಷ್ಟೇ. ಮೊದಲ ದಿನ ನನ್ನ ಕೈ ನಡುಗಿತು. ಕೈ ನಡುಗಿದರೆ ಮರಿ ಸೂಜಿಯ ಏಟಿಗೇ ಸಾಯುತ್ತದೆ. ಅದಕ್ಕೇ ಮೊದಲ 24 ಗಂಟೆಯೊಳಗೆ ಸತ್ತ ಮರಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಆ ಸಾವಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅಂಥ ಸಾವು ನನ್ನ ಕೈಯಲ್ಲಿ ಆಗಬಾರದು ಅಂತ ಬಣ್ಣದ ನೀರು ತುಂಬಿದ ಸಿರಿಂಜ್ ಹಿಡಿದು, ಸತ್ತ ಮರಿಗಳ ಮೇಲೆ ವಾರಗಟ್ಟಲೆ ಅಭ್ಯಾಸ ಮಾಡಿದೆ.

ಒಂದು ಸಲ ದೊಡ್ಡ ತಪ್ಪು ಮಾಡಿದೆ. ಬೋನು ತೊಳೆದ ಫಿನಾಯಿಲ್ ವಾಸನೆ ಗ್ಲೌಸಿಗೆ ಅಂಟಿತ್ತು. ಅದೇ ಗ್ಲೌಸಲ್ಲಿ ಮರಿಗಳನ್ನು ಮುಟ್ಟಿ ವಾಪಸ್ ಇಟ್ಟೆ. ಬೆಳಿಗ್ಗೆ ಬಂದು ನೋಡಿದರೆ ತಾಯಿ ಎಂಟರಲ್ಲಿ ಆರನ್ನು ತಿಂದುಬಿಟ್ಟಿತ್ತು. ಆ ಸ್ಯಾಂಪಲ್ಲಿಗೆ ಮತ್ತೊಂದು ತಾಯಿ, ಮತ್ತೆ ಎಂಟು ಮರಿ ಬೇಕಾಯಿತು. ರಿಪೋರ್ಟ್ ಅಷ್ಟು ದಿನ ತಡವಾಯಿತು. ಜ್ವರದವರು ಯಾವ ಊರಿನವರೆಂದು ಫಾರಂ ಮೇಲೆ ಬರೆದಿತ್ತು. ನಮ್ಮ ಪಕ್ಕದ ಊರು. ಆಮೇಲೆ ಮರಿ ಮುಟ್ಟುವ ಮುಂಚೆ ಅದೇ ಬೋನಿನ ಭತ್ತದ ಹೊಟ್ಟನ್ನು ಗ್ಲೌಸಿಗೆ ಚೆನ್ನಾಗಿ ಉಜ್ಜಿಕೊಳ್ಳುತ್ತಿದ್ದೆ. ಮರಿಗಳನ್ನು ವಾಪಸ್ ಇಟ್ಟಮೇಲೆ ಗೂಡಿನ ಹೊಟ್ಟು ಮುಚ್ಚಿ, ತಾಯಿ ಹತ್ತಿರ ಬರುವ ತನಕ ಸುಮ್ನೆ ಕೂರುತ್ತಿದ್ದೆ.

ದಿನಕ್ಕೆ ಎರಡು ಸಲ ನೋಡಬೇಕು. ರೋಗ ಹಿಡಿದರೆ ಮೊದಲು ಹೊಟ್ಟೆಯ ಆ ಬಿಳಿ ಚುಕ್ಕೆ ಮಾಯವಾಗುತ್ತದೆ, ಮರಿ ಹಾಲು ಬಿಟ್ಟಿದೆ ಎಂದರ್ಥ. ತಾಯಿಯೂ ಅದನ್ನು ಗುಂಪಿನಿಂದ ಆಚೆ ತಳ್ಳುತ್ತದೆ. ಆಮೇಲೆ ನಡುಕ, ಹಿಂಗಾಲು ಬಿದ್ದುಹೋಗುವುದು. ತಾನಾಗಿ ಸಾಯುವ ತನಕ ಕಾಯುವ ಪದ್ಧತಿ ಇತ್ತು. ಕಾಲು ಬಿದ್ದ ಕೂಡಲೇ ಮುಗಿಸಿಬಿಡೋಣ ಅಂತ ನಾನು ಹಿರಿಯರ ಹತ್ತಿರ ಕೇಳಿದೆ. ವೈರಸ್ ಹುಡುಕಲು ಬೇಕಾದದ್ದು ಮರಿಯ ಮಿದುಳು. ರಾತ್ರಿ ಸತ್ತು ಬೆಳಿಗ್ಗೆವರೆಗೆ ಬಿದ್ದ ಮರಿಯ ಮಿದುಳು ಕೆಟ್ಟಿರುತ್ತದೆ, ತಾಯಿ ತಿಂದಿದ್ದರೆ ಅದೂ ಇಲ್ಲ. ಹಾಗಾಗಿ ಬೇಗ ತೆಗೆದರೆ ಕೆಲಸಕ್ಕೂ ಒಳ್ಳೆಯದು ಅಂದೆ. ಅವರು ಒಪ್ಪಿದರು. ಆ ಲ್ಯಾಬಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದು ಅಂತ ಈಗಲೂ ಅನಿಸುತ್ತದೆ.

ರಜೆಗೆ ಬಂದಾಗ ಅಜ್ಜಿ ಕೇಳಿದ್ದಳು, 'ಮರಿ ಕೊಂದ್ರೆ ಪಾಪ ಬತ್ತಿಲ್ಯನೇ ತಂಗಿ?' ಬತ್ತು ಅಜ್ಜಿ, ಅದಕ್ಕೇ ಒಂದೂ ಜಾಸ್ತಿ ಕೊಲ್ಲುತ್ತಿಲ್ಲ ಅಂದೆ. ಅವಳ ಅಣ್ಣ ತೀರಿಕೊಂಡದ್ದು ಇದೇ ಕಾಯಿಲೆಯಲ್ಲಿ.

ಮಂಗಗಳ ಮೇಲೆ ನಾನು ಕೆಲಸ ಮಾಡಿಲ್ಲ. ಇಲಿಯಲ್ಲಿ ಈ ವೈರಸ್ ಮಿದುಳಿಗೆ ಏರಿ ಕೊಲ್ಲುತ್ತದೆ. ನಮ್ಮಲ್ಲಿ ಬರುವ ರಕ್ತಸ್ರಾವದ ಜ್ವರ ಅದರಲ್ಲಿ ಕಾಣುವುದಿಲ್ಲ. ಕಾಡಿನಲ್ಲಿ ನಮ್ಮಂತೆ ಇದಕ್ಕೆ ಬಲಿಯಾಗುವುದು ಮಂಗ ಮತ್ತು ಕಪ್ಪು ಮುಖದ ಮುಸಿಯ. ಕೋಳಿ ಭ್ರೂಣದ ಕೋಶದಲ್ಲಿ ಬೆಳೆಸಿ ಮಾಡುತ್ತಿದ್ದ ಹಳೆಯ ಲಸಿಕೆ ಈಗ ನಿಂತಿದೆ. ಹೊಸದು ಬರಬೇಕು, ಅದು ಮೊದಲು ಪ್ರಾಣಿಗಳಲ್ಲಿ ಪರೀಕ್ಷೆ ಆಗಲೇಬೇಕು. ಪುಣೆಯಲ್ಲಿ ಕೋವ್ಯಾಕ್ಸಿನ್ ಪರೀಕ್ಷೆಗೆ 20 ರೀಸಸ್ ಮಂಗಗಳು ಬೇಕಾದವು. ಪ್ರಾಣಿ ಪ್ರಯೋಗದ ಬಗ್ಗೆ ಇರುವ 1998ರ ನಿಯಮದ ಪ್ರಕಾರ ಸಂಸ್ಥೆಯ ನೈತಿಕ ಸಮಿತಿಯಲ್ಲಿ ಹೊರಗಿನವರೂ ಕೂರಬೇಕು. ಮಂಗನಂಥ ದೊಡ್ಡ ಪ್ರಾಣಿಗೆ ಕೇಂದ್ರ ಸರ್ಕಾರದ ಸಮಿತಿಯ ಅನುಮತಿಯೂ ಬೇಕು. ಆದರೆ ಆ ಕಾಗದದಲ್ಲಿ ಗ್ಲೌಸಿನ ವಾಸನೆ ಬಂದಿರುವುದಿಲ್ಲ. ಬೋನಿನ ಮುಂದೆ ನಿಂತವರಿಗೆ ಕಲಿಸಿದ್ದಾರೋ, ಅವರ ಮಾತು ಕೇಳುತ್ತಾರೋ, ನಾನು ಮೊದಲು ಕೇಳುವುದು ಅದನ್ನೇ.

ಈಗ ನಾನು ಶಿರಸಿಯಲ್ಲಿದ್ದೇನೆ. ಕಳೆದ ಬೇಸಿಗೆಯಲ್ಲಿ ನಮ್ಮ ಬೆಟ್ಟದಲ್ಲಿ ಒಂದು ಮುಸಿಯ ಸತ್ತು ಬಿದ್ದಿತ್ತು. ತಮ್ಮ ಫೋನ್ ಮಾಡಿದ. ಮುಟ್ಟಬೇಡ, ಹತ್ತಿರಕ್ಕೂ ಹೋಗಬೇಡ, ಅದರ ಮೈಯಿಂದ ಇಳಿದ ಉಣುಗು ಅಲ್ಲೇ ಇರುತ್ತದೆ, ಆರೋಗ್ಯ ಇಲಾಖೆಗೆ ತಿಳಿಸು ಅಂದೆ. ಬಂದವರು ಸ್ಯಾಂಪಲ್ ಒಯ್ದು, ಶವ ಸುಟ್ಟು ಹೋದರು. ರಿಪೋರ್ಟ್ ಪಿಸಿಆರ್‌ನಲ್ಲೇ ಬಂತು. ಅದಕ್ಕೆ ಇಲಿಮರಿ ಒಂದೂ ಬೇಕಾಗಲಿಲ್ಲ.