ಆಕಾಶದ ಬೆಳಕಿಗೆ ತಾಳ ಹೊಂದಿಸುವುದು ಹೇಗೆ?

ಗಣಪತಿ ಬಿಡುವ ದಿನ, ತೇರಿನ ರಾತ್ರಿ, ರಾಜ್ಯೋತ್ಸವ. ಹಾಸನದ ಕಡೆ ಈಗ ಎಷ್ಟೋ ಊರುಗಳಲ್ಲಿ ಬಾಣಬಿರುಸಿನ ಜೊತೆ ಹಾಡೂ ಇರುತ್ತದೆ. ಮದ್ದಿಗೆ ತಿಂಗಳ ಮೊದಲೇ ಮುಂಗಡ ಕೊಟ್ಟಿರುತ್ತಾರೆ. ಹಾಡು ಮಾತ್ರ ಅವತ್ತು ಸಂಜೆ ಯಾರದೋ ಮೊಬೈಲಿನಿಂದ ಬರುತ್ತದೆ.

ಅರಸೀಕೆರೆ ಕಡೆಯ ನಮ್ಮೂರಿನ ಗಣಪತಿ ಸಮಿತಿಯಲ್ಲಿ ಹಾಡಿನ ಜವಾಬ್ದಾರಿ ನನ್ನದು. ಮೊದಲ ವರ್ಷ ನಾನೂ ಹಾಗೇ ಮಾಡಿದೆ. ಕುಣಿಸುವ ಹಾಡು, ಜೋರು ಬೀಟು. ಮದ್ದು ಸಿಡಿಯತೊಡಗಿದ ಮೇಲೆ ಒಂದು ಸಾಲೂ ಕೇಳಿಸಲಿಲ್ಲ. ಸೌಂಡ್‌ನವರು ಇನ್ನೂ ಏರಿಸಿದರು. ಮುಂದೆ ಚಾಪೆ ಹಾಸಿಕೊಂಡು ಕೂತಿದ್ದ ಅಜ್ಜಿಯರು ಕಿವಿ ಮುಚ್ಚಿಕೊಂಡು ಎದ್ದು ಹೋದರು. ಸಂಜೆಯಿಂದ ಕಾದು ಕೂತವರು ಅವರು. ಅದು ನನಗೆ ಇವತ್ತಿಗೂ ನೋವು.

ಮದ್ದಿಗೆ ತನ್ನದೇ ಸದ್ದಿದೆ. ಅದಕ್ಕೆ ಜಾಗ ಬಿಡುವ ಸಂಗೀತವನ್ನೇ ಹುಡುಕಬೇಕು. ಹೇಗೆ ಅಂತ ಹೇಳುತ್ತೇನೆ.

ಮೊದಲು ಮದ್ದಿನವರ ಹತ್ತಿರ ಕೂತು ಮಾತಾಡಿ

ಕೈಯಿಂದ ಹಚ್ಚುತ್ತೀರಾ, ವೈರ್ ಎಳೆದು ಸ್ವಿಚ್ಚಿನಿಂದ ಹಾರಿಸುತ್ತೀರಾ? ಮೊದಲು ಇದನ್ನು ಕೇಳಿ. ಕೈಯಿಂದ ಹಚ್ಚುವುದಾದರೆ ಬತ್ತಿ ಒಂದೊಂದು ಸಲ ಒಂದೊಂದು ಥರ ಉರಿಯುತ್ತದೆ. ಆಗ ತಾಳದ ಪೆಟ್ಟಿಗೇ ಬೆಳಕು ಅರಳಬೇಕೆಂಬ ಆಸೆ ಬಿಟ್ಟುಬಿಡಿ. ಓಲಗ, ಕೊಳಲು, ನಿಧಾನದ ಆಲಾಪನೆ ಆರಿಸಿ. ಇವುಗಳಲ್ಲಿ ಬೆಳಕು ಒಂದು ಸೆಕೆಂಡ್ ಆಚೀಚೆ ಆದರೂ ತಪ್ಪು ಅನಿಸುವುದಿಲ್ಲ.

ಸ್ವಿಚ್ಚಿನಿಂದ ಹಾರಿಸುವುದಾದರೆ ಲೆಕ್ಕ ಹಾಕಬಹುದು. 3 ಇಂಚಿನ ಶೆಲ್, ಅಂದರೆ ಕೊಳವೆಯಿಂದ ಹಾರುವ ಮದ್ದಿನ ಗುಂಡು, ಸುಮಾರು 90 ಮೀಟರ್ ಮೇಲೆ ಹೋಗಿ ಒಡೆಯುತ್ತದೆ. ಅಷ್ಟಕ್ಕೆ ಹೆಚ್ಚುಕಡಿಮೆ 3 ಸೆಕೆಂಡ್ ಬೇಕು. ನಿಮ್ಮ ಹಾಡಿನಲ್ಲಿ ನಿಮಿಷಕ್ಕೆ 120 ಪೆಟ್ಟು ಇದ್ದರೆ, 3 ಸೆಕೆಂಡಿಗೆ 6 ಪೆಟ್ಟು. ಅಂದರೆ ಬೆಳಕು ಬೇಕಾದ ಜಾಗಕ್ಕಿಂತ 6 ಪೆಟ್ಟು ಮೊದಲೇ ಸ್ವಿಚ್ ಒತ್ತಬೇಕು. ನಿಮ್ಮ ಶೆಲ್ಲಿನ ನಿಜವಾದ ಸಮಯವನ್ನು ಮದ್ದಿನವರನ್ನೇ ಕೇಳಿ ಬರೆದುಕೊಳ್ಳಿ.

ಇನ್ನೊಂದು ಮಾತು. ಬೆಳಕು ಕೂಡಲೇ ಕಾಣುತ್ತದೆ, ಸದ್ದು ತಡವಾಗಿ ಬರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಜನರಿಂದ 170 ಮೀಟರ್ ದೂರದಲ್ಲಿ ಶೆಲ್ ಒಡೆದರೆ, ಹೂ ಅರಳಿ ಅರ್ಧ ಸೆಕೆಂಡ್ ಆದ ಮೇಲೆ ‘ಢಮ್’ ಕೇಳುತ್ತದೆ. ಹಾಗಾಗಿ ತಾಳಕ್ಕೆ ಹೊಂದಿಸಬೇಕಾದ್ದು ಬೆಳಕನ್ನು. ಸ್ಪೀಕರ್ ಬಾಕ್ಸುಗಳನ್ನು ಒಂದೇ ಕಡೆ ಪೇರಿಸಬೇಡಿ, ಜನರ ಉದ್ದಕ್ಕೂ ಹಂಚಿಡಿ. ಇಲ್ಲದಿದ್ದರೆ ಹಿಂದೆ ನಿಂತವರಿಗೆ ಹಾಡೂ ತಡವಾಗಿಯೇ ಕೇಳುತ್ತದೆ.

ಯಾವ ಸಂಗೀತ?

ಬಯಲಿನಲ್ಲಿ ಊದುವ ಮತ್ತು ಬಡಿಯುವ ವಾದ್ಯಗಳೇ ಗೆಲ್ಲುವುದು. 1749ರಲ್ಲಿ ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ದೊಡ್ಡ ಬಾಣಬಿರುಸು ನಡೆಯಿತು. ಅದಕ್ಕೆ ಸಂಗೀತ ಕಟ್ಟಿದವರು ಹ್ಯಾಂಡೆಲ್. ದೊರೆ ಎರಡನೇ ಜಾರ್ಜ್ ಪಿಟೀಲು ಬೇಡ, ಸೈನ್ಯದ ವಾದ್ಯಗಳೇ ಇರಲಿ ಅಂದಿದ್ದರಂತೆ. ಹ್ಯಾಂಡೆಲ್ 24 ಓಬೋಗಳಿಗೆ ಬರೆದರು. ಜೊತೆಗೆ ಕಹಳೆ, ನಗಾರಿ. ಓಬೋ ಅಂದರೆ ನಮ್ಮ ನಾಗಸ್ವರದ ಹಾಗೆ ಸೀವಾಳಿ ಕಟ್ಟಿ ಊದುವ ವಾದ್ಯ. ನಮ್ಮ ತೇರಿನ ಮುಂದೆ ಓಲಗದವರು ನಿಲ್ಲುವುದಕ್ಕೂ ಇದೇ ಕಾರಣ ಅಲ್ವಾ? ಅಷ್ಟು ಜನರ ಗಲಾಟೆಯನ್ನು ದಾಟಿ ಕೇಳುವ ವಾದ್ಯ ಅದು.

ಜಾಗ ಬಿಡುವುದು ಅಂದರೆ ಏನು ಅಂತ ನನಗೆ ತಿಳಿದದ್ದು ವೀರಗಾಸೆ ನೋಡಿದಾಗ. ಒಡಪು, ಅಂದರೆ ವೀರಭದ್ರನ ಕಥೆಯ ಸಾಲು, ಹೇಳುವಾಗ ವಾದ್ಯ ಸುಮ್ಮನಿರುತ್ತದೆ. ಒಡಪು ಮುಗಿಯುತ್ತಿದ್ದಂತೆ ಕರಡೆ, ಚಮಾಳ ಒಟ್ಟಿಗೆ ಭೋರೆನ್ನುತ್ತವೆ. ಮಾತಿನ ಮೇಲೆ ವಾದ್ಯ ಬೀಳುವುದಿಲ್ಲ, ವಾದ್ಯದ ಮೇಲೆ ಮಾತು ಬೀಳುವುದಿಲ್ಲ. ಬಾಣಬಿರುಸನ್ನೂ ಹೀಗೇ ಕಟ್ಟಿ. ಕೊಳಲು ಇಪ್ಪತ್ತು ಸೆಕೆಂಡ್ ನುಡಿಯಲಿ, ನೆಲದಲ್ಲಿ ಹೂಕುಂಡ ಮಾತ್ರ ಉರಿಯಲಿ. ಕೊಳಲು ನಿಂತ ಕೂಡಲೇ ಆಕಾಶ ಒಡೆಯಲಿ. ಚಿನ್ನದ ಬಣ್ಣದಲ್ಲಿ ನಿಧಾನವಾಗಿ ಇಳಿಯುವ ಶೆಲ್ಲುಗಳಿಗೆ ಉದ್ದವಾಗಿ ಎಳೆದ ಸ್ವರ ತುಂಬ ಚೆನ್ನಾಗಿ ಕೂಡುತ್ತದೆ. ಚಟಪಟ ಸಿಡಿಯುವವಕ್ಕೆ ತಮಟೆ.

ಕೊನೆಗೆ ಮೃದಂಗದ ತನಿ, ಅಂದರೆ ಮೃದಂಗ ಒಂದೇ ನುಡಿಯುವ ಭಾಗ, ಇರಲಿ ಅಂತ ನಾನು ಪ್ರತಿ ಸಲ ಹಟ ಹಿಡಿಯುತ್ತೇನೆ. ತನಿಯ ಕೊನೆಯಲ್ಲಿ ಮುಕ್ತಾಯದ ಅದೇ ಪೆಟ್ಟಿನ ಸಾಲು ಮೂರು ಸಲ ಬರುತ್ತದೆ. ಸಂಗೀತ ಕಲಿಯದವರಿಗೂ ಮೂರನೆಯದು ಬರುತ್ತಿದೆ ಅಂತ ಮೈಗೆ ಗೊತ್ತಾಗುತ್ತದೆ. ಮೊದಲ ಸಲಕ್ಕೆ ಒಂದು ಶೆಲ್, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಉಳಿದದ್ದೆಲ್ಲ. ಆಗ ಮೈದಾನ ಪೂರ್ತಿ ಕೂಗುತ್ತದೆ.

ಸಾಹಿತ್ಯ ಇರುವ ಹಾಡು ಒಂದೇ ಸಾಕು, ಅದೂ ಎಲ್ಲರಿಗೂ ಬಾಯಿಗೆ ಬರುವಂಥದ್ದು. ಸದ್ದಿನಲ್ಲಿ ಎರಡು ಪದ ಮುಳುಗಿದರೂ ಜನರೇ ಹಾಡಿಕೊಳ್ಳುತ್ತಾರೆ. ನಾಡಗೀತೆ, ರಾಷ್ಟ್ರಗೀತೆಗೆ ಮಾತ್ರ ಮದ್ದು ಬೇಡ. ಅವು ಎದ್ದು ನಿಂತು ಹಾಡುವ ಗೀತೆಗಳು. ಆಕಾಶ ನೋಡುತ್ತಾ ಕೂಗುವ ಹೊತ್ತಿನಲ್ಲಿ ಅವನ್ನು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವರಿಗೆ ಒಂದು ಮಾತು. ಅಲ್ಲಿ ರಾತ್ರಿ ಪಟಾಕಿ ಸಿಡಿದರೆ ಮಕ್ಕಳು ಮೊದಲು ನೆನೆಯುವುದು ಹಬ್ಬವನ್ನಲ್ಲ, ಕಾಡಾನೆಯನ್ನು. ಆನೆ ಓಡಿಸಲು ಪಟಾಕಿ ಹೊಡೆಯುವುದನ್ನು ಅವರು ಕೇಳುತ್ತಲೇ ಬೆಳೆದಿದ್ದಾರೆ. ಹಾಗಾಗಿ ಮೊದಲ ಒಂದು ನಿಮಿಷ ಬರೀ ಸಂಗೀತ ಇರಲಿ. ತೋಟದ ಲೈನಿನಲ್ಲಿ, ಅಂದರೆ ಕೂಲಿಯವರ ಮನೆಸಾಲಿನಲ್ಲಿ, ಮಲಗಿದವರಿಗೂ ಇದು ಹಬ್ಬ ಅಂತ ತಿಳಿಯಲಿ. ಆನೆ ಹತ್ತಿರದಲ್ಲಿದೆ ಅಂತ ಸುದ್ದಿ ಇದ್ದರೆ ಅವತ್ತು ಮದ್ದೇ ಬೇಡ.

ಒಂದು ಹಾಳೆಯಲ್ಲಿ ಬರೆಯಿರಿ

ಒಟ್ಟು 10 ನಿಮಿಷ ಸಾಕು. ನಾಲ್ಕು ತುಣುಕಿಗಿಂತ ಜಾಸ್ತಿ ಬೇಡ. ಹಾಳೆಯಲ್ಲಿ ಮೂರು ಗೆರೆ ಎಳೆದು ಸಮಯ, ಸಂಗೀತ, ಮದ್ದು ಅಂತ ಬರೆಯಿರಿ. ಒಂದು ಪ್ರತಿ ಮದ್ದಿನವರಿಗೆ, ಇನ್ನೊಂದು ಸೌಂಡ್‌ನವರಿಗೆ. ನಾಲ್ಕನ್ನೂ ಸೇರಿಸಿ ಒಂದೇ ಫೈಲ್ ಮಾಡಿ ಎರಡು ಪೆನ್‌ಡ್ರೈವಿಗೆ ಹಾಕಿ. ಮೊಬೈಲಿನಿಂದ ಹಾಕಲೇಬೇಡಿ, ನಡುವೆ ಫೋನ್ ಬಂದರೆ ಎಲ್ಲ ಕೆಟ್ಟಿತು.

ಧಾರ್ಮಿಕ ಕಾರ್ಯಕ್ರಮದಲ್ಲಿ ಹಾಡು ಹಾಕುವುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟು ಮಾಡುವ ಕಾರ್ಯಕ್ರಮವಾದರೆ ಹಾಡಿನ ಪರವಾನಗಿ ಮೊದಲೇ ತೆಗೆದುಕೊಳ್ಳಿ. ನಿಮ್ಮೂರಿನ ಓಲಗದವರನ್ನೇ ಕರೆದು, ಸಂಭಾವನೆ ಕೊಟ್ಟು, ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಸಿದರೆ ಇನ್ನೂ ಒಳ್ಳೆಯದು. ಮದ್ದಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಅವರಿಗೂ ಸಿಗಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷೇಧ, ಅದಕ್ಕೆ 9ಕ್ಕೇ ಶುರು ಮಾಡಿ. ಜಿಲ್ಲಾಧಿಕಾರಿ ಕಚೇರಿ, ಪೊಲೀಸ್, ಅಗ್ನಿಶಾಮಕದವರ ಅನುಮತಿ ಇಲ್ಲದೆ ಹೆಜ್ಜೆ ಇಡಬೇಡಿ.

ಅವತ್ತು ಬೆಳಿಗ್ಗೆ ಮೈದಾನದ ನಾಲ್ಕೂ ಮೂಲೆಗೆ ನಡೆದು ಕೇಳಿ. ಹಿಂದಿನ ಮೂಲೆಯಲ್ಲಿ ಕೊಳಲು ಕೇಳಿಸಬೇಕು, ಮುಂದೆ ಕೂತವರು ಪಕ್ಕದವರ ಜೊತೆ ಮಾತಾಡುವ ಹಾಗಿರಬೇಕು.

ಕೊನೆಯ ಶೆಲ್ ಒಡೆದ ಮೇಲೆ ಹತ್ತು ಸೆಕೆಂಡ್ ಏನೂ ಹಾಕಬೇಡಿ. ಹೊಗೆ ತಿಳಿಯಾಗಲಿ. ಆಮೇಲೆ ಕಡಿಮೆ ಅಂದರೂ ಐದು ನಿಮಿಷದ ಒಂದು ನಿಧಾನದ ನಾಗಸ್ವರ ಇರಲಿ. ಜನ ನೂಕಾಡದೆ ಹೊರಡುತ್ತಾರೆ. ಸಿಡಿಯದೆ ಉಳಿದ ಮದ್ದನ್ನು ಮದ್ದಿನವರು ಹುಡುಕಿ, ಟಾರ್ಚ್ ಎತ್ತಿ ತೋರಿಸುವವರೆಗೆ ಆ ನಾಗಸ್ವರ ನಿಲ್ಲಬಾರದು.