499ರ ಸಾಲು ನಿಂತದ್ದು ಹೇಗೆ: ನನ್ನ ಅನುಭವ

ನಮ್ಮ ಯಕ್ಷಗಾನದ ಸೈಟಿನ ಮೇಲೆ ದಾಳಿ ಮಾಡುವವರು ಕಳೆದ ವಾರ ರಾತ್ರಿ ಎರಡೂವರೆಗೆ ಮತ್ತೆ ಬಂದರು. ಸುಮಾರು ನಲವತ್ತು ನಿಮಿಷ ಬಡಿದರು. ನಾನು ನಿದ್ದೆಯಲ್ಲಿದ್ದೆ, ಸರ್ವರ್ ಎಚ್ಚರವಾಗಿತ್ತು. ಬೆಳಿಗ್ಗೆ ನೋಡಿದರೆ ಸಿಪಿಯು ಗ್ರಾಫಿನಲ್ಲಿ ಒಂದು ಸಣ್ಣ ದಿಣ್ಣೆ, ಎರರ್ ಲಾಗಿನಲ್ಲಿ ಒಮ್ಮೆಗೇ ಅತಿಯಾಗಿ ಸ್ಟ್ರೀಮ್ (ಒಂದೇ ಸಂಪರ್ಕದೊಳಗೆ ಒಂದೊಂದು ವಿನಂತಿಗೂ ತೆರೆಯುವ ದಾರಿ) ತೆರೆದರು ಎಂಬ ಅರ್ಥದ ಸಾಲುಗಳ ರಾಶಿ, ಅಷ್ಟೇ. ಆ ಹೊತ್ತಿನಲ್ಲೂ ಯಾರೋ ಒಬ್ಬರು ಇಡೀ ತಾಳಮದ್ದಳೆಯನ್ನು ಕೊನೆಯವರೆಗೆ ಕೇಳಿ ಮುಗಿಸಿದ್ದಾರೆ, ಲಾಗಿನಲ್ಲಿದೆ. ಸರ್ವರಿನ ತಂತ್ರಾಂಶಕ್ಕೆ ನಾನೇ ತಿದ್ದುಪಡಿ ಹಾಕಿ ದಾಳಿ ತಡೆಯುತ್ತೇನೆ ಎಂದಾಗ "ಇದೆಲ್ಲ ಆಗುವ ಕೆಲಸ ಅಲ್ಲ" ಎಂದವರು ಮೂರು ಜನ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಯಕ್ಷಗಾನದ ಕ್ಯಾಸೆಟ್ ಇಲ್ಲದ ಮನೆ ಕಡಿಮೆ. ಆ ಕ್ಯಾಸೆಟ್‌ಗಳನ್ನೆಲ್ಲ ಡಿಜಿಟಲ್ ಮಾಡಿ ಒಂದು ವಿಪಿಎಸ್‌ನಲ್ಲಿ (ಬಾಡಿಗೆ ಸರ್ವರ್) ಇಟ್ಟಿದ್ದೇವೆ: ಎರಡು ಕೋರ್, 4 ಜಿಬಿ, ಡೆಬಿಯನ್ 12 ಲಿನಕ್ಸ್, ವಿನಂತಿಗಳಿಗೆ ಉತ್ತರ ಕೊಡುವ ವೆಬ್ ಸರ್ವರ್ ಎಂಜಿನ್‌ಎಕ್ಸ್ 1.22.1, ಅದರ ಬೆನ್ನಿಗೆ ಪುಟ ಕಟ್ಟುವ ಪಿಎಚ್‌ಪಿ. ತಿಂಗಳಿಗೆ ಸಾವಿರದ ಐನೂರರ ಆಸುಪಾಸು. ಧ್ವನಿಯ ಜೊತೆಗೆ ಹಳೆಯ ಆಟಗಳ ಕರಪತ್ರಗಳದ್ದೊಂದು ಪುಟ ಇದೆ, ಆರುನೂರರಷ್ಟು ಸಣ್ಣ ಚಿತ್ರಗಳು. ಈ ಪುಟವೇ ಮುಂದಿನ ಎಲ್ಲ ತೊಂದರೆಗೂ ದಾರಿಯಾದದ್ದು.

ಪುಟ ಬೇಗ ತೆರೆಯಲಿ ಎಂದು 2022ರಲ್ಲಿ ನಾನೇ ಎರಡು ಸಂಖ್ಯೆ ಏರಿಸಿದ್ದೆ. ಕೀಪ್‌ಅಲೈವ್ ರಿಕ್ವೆಸ್ಟ್ಸ್ (ಒಂದು ಸಂಪರ್ಕದಲ್ಲಿ ಒಟ್ಟು ಎಷ್ಟು ವಿನಂತಿ ಎಂಬ ಮಿತಿ) ಡೀಫಾಲ್ಟ್ 1000, ಅದನ್ನು ಒಂದು ಲಕ್ಷ ಮಾಡಿದೆ. ಎಚ್‌ಟಿಟಿಪಿ/2ರ (ಒಂದೇ ಸಂಪರ್ಕದಲ್ಲಿ ಹಲವು ವಿನಂತಿ ಒಟ್ಟಿಗೆ ಕಳಿಸುವ ವೆಬ್ ನಿಯಮಾವಳಿ) ಏಕಕಾಲದ ಸ್ಟ್ರೀಮ್ ಮಿತಿ 128, ಅದನ್ನು 1024 ಮಾಡಿದೆ. ಬೆಂಚ್‌ಮಾರ್ಕ್‌ನಲ್ಲಿ ಸಂಖ್ಯೆ ಚಂದ ಬಂತು, ಅಲ್ಲಿಗೆ ಬಿಟ್ಟೆ.

2023ರ ಅಕ್ಟೋಬರ್ 10ರಂದು ರ‍್ಯಾಪಿಡ್ ರಿಸೆಟ್ ಎಂಬ ಹೊಸ ಬಗೆಯ ಎಚ್‌ಟಿಟಿಪಿ/2 ದಾಳಿಯ ಸುದ್ದಿ ಬಂತು. ದೋಷದ ದಾಖಲೆ ಸಂಖ್ಯೆ ಸಿವಿಇ-2023-44487. ಗೂಗಲ್ ಮೇಲೆ ಸೆಕೆಂಡಿಗೆ 39.8 ಕೋಟಿ ವಿನಂತಿ, ಕ್ಲೌಡ್‌ಫ್ಲೇರ್ ಮೇಲೆ 20 ಕೋಟಿ. ಅಷ್ಟು ದೊಡ್ಡವರ ಜಗಳದಲ್ಲಿ ನಮ್ಮ ತಾಳಮದ್ದಳೆಯನ್ನು ಯಾರು ಕೇಳುತ್ತಾರೆ ಎಂದುಕೊಂಡೆ. ನವೆಂಬರಿನಲ್ಲಿ, ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ, ಒಂದು ಸಂಜೆ ಸೈಟ್ ಮಲಗಿತು. ಸೆಕೆಂಡಿಗೆ ಕೆಲವು ಸಾವಿರದಷ್ಟೇ ಇದ್ದಿರಬೇಕು. ನಮ್ಮ ಎರಡು ಕೋರಿಗೆ ಅದು ಧಾರಾಳ ಸಾಕು.

ಲಾಗ್ ತೆರೆದರೆ ಬರೀ 499. ಉತ್ತರ ಹೋಗುವ ಮೊದಲೇ ಆಚೆಯವನು ಕೈಬಿಟ್ಟ ಎಂಬುದಕ್ಕೆ ಎಂಜಿನ್‌ಎಕ್ಸ್ ಬರೆದಿಡುವ ಸಂಖ್ಯೆ. ದಾಳಿಯ ಕ್ರಮ ಇಷ್ಟೇ: ಸ್ಟ್ರೀಮ್ ತೆರೆ, ವಿನಂತಿ ಕಳಿಸು, ತಕ್ಷಣ ರದ್ದು ಮಾಡು, ಮತ್ತೆ ತೆರೆ. ರದ್ದಾದದ್ದು ಏಕಕಾಲದ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಮಿತಿ ಎಂದೂ ತುಂಬುವುದಿಲ್ಲ. ಒಂದೇ ಸಂಪರ್ಕದಲ್ಲಿ ಒಂದು ಲಕ್ಷದವರೆಗೆ ಹೀಗೆ ಮಾಡಬಹುದೆಂದು ಬಾಗಿಲು ತೆರೆದಿಟ್ಟವನು ನಾನೇ. ಎಂಜಿನ್‌ಎಕ್ಸ್‌ನ ಬೆನ್ನಿಗಿರುವ ಪಿಎಚ್‌ಪಿಗೆ ಮಾತ್ರ ರದ್ದಾದದ್ದು ಕೂಡಲೇ ತಿಳಿಯುವುದಿಲ್ಲ, ಅದು ಡೇಟಾಬೇಸ್ ಕೇಳುತ್ತಲೇ ಇರುತ್ತದೆ.

ಮೊದಲ ವಾರ ಹೆದರಿ ದುಡ್ಡು ಸುರಿದೆ. ದೊಡ್ಡ ಪ್ಲ್ಯಾನ್‌ಗೆ ಹೋದೆ, ತಿಂಗಳಿಗೆ 3,200, ನಾಲ್ಕು ತಿಂಗಳು. ನಾಲ್ಕು ಕೋರ್ ಆದರೆ ನಾಲ್ಕೂ ತುಂಬುತ್ತವೆ, ಬೇರೆ ವ್ಯತ್ಯಾಸವಿಲ್ಲ. ಪೇಟೆಯ ಒಬ್ಬ ಕನ್ಸಲ್ಟೆಂಟರಿಗೆ 12,000 ಕೊಟ್ಟೆ. ಅವರು ಲಾಗ್ ನೋಡಿ ಐಪಿ (ಇಂಟರ್ನೆಟ್ ವಿಳಾಸ) ತಡೆಯುವ ಫೇಲ್‌ಟುಬ್ಯಾನ್ ಹಾಕಿ, ನಿಮಿಷಕ್ಕೆ ಮೂವತ್ತು 499 ಬಂದ ಐಪಿಯನ್ನು ಒಂದು ದಿನ ಹೊರಗಿಡುವ ನಿಯಮ ಬರೆದು ಹೋದರು. ಹೆಚ್ಚುವರಿ ಖರ್ಚೆಲ್ಲ ಸೇರಿ ಹತ್ತೊಂಬತ್ತು ಸಾವಿರದ ಹತ್ತಿರ, ಆಗಿನ ಧಾರಣೆಯಲ್ಲಿ 45 ಕಿಲೋ ಚಾಲಿ ಅಡಿಕೆಯ ದುಡ್ಡು.

ಮರುದಿನ ಬೆಳಿಗ್ಗೆಯಿಂದ ಫೋನ್. ಪೆರ್ಲದಿಂದ ಒಬ್ಬರು ಹಿರಿಯರು: "ಎಂತ ಮಾರಾಯ, ನಿನ್ನೆಯಿಂದ ಪದ ಕೇಳುವುದೇ ಇಲ್ಲ. ನನ್ನ ಫೋನೇ ಹಾಳಾಯಿತಾ?" ಮುಳ್ಳೇರಿಯದಿಂದ ಇನ್ನೊಬ್ಬರು, ಪೈವಳಿಕೆಯಿಂದ ಮತ್ತೊಬ್ಬರು. ಮೊಬೈಲ್ ಕಂಪೆನಿಗಳು ಸಾವಿರಾರು ಗಿರಾಕಿಗಳನ್ನು ಒಂದೇ ಐಪಿಯ ಹಿಂದೆ ಇಡುತ್ತವೆ, ಒಂದನ್ನು ಹೊರಗಿಟ್ಟರೆ ಊರಿಗೆ ಊರೇ ಹೊರಗೆ. ಇನ್ನೂ ದೊಡ್ಡ ತಪ್ಪು ಬೇರೆ ಇತ್ತು. ನಮ್ಮ ಕೇಳುಗರ ಲಾಗಿನಲ್ಲಿ 499 ಇರುವುದು ಸಹಜ. ಗುಡ್ಡದ ಬದಿಯ ಮನೆಯಲ್ಲಿ ಉತ್ತರ ಬರುವ ಮೊದಲೇ ಸಿಗ್ನಲ್ ತಪ್ಪಿದರೆ 499. ಪೀಠಿಕೆ ಬಿಟ್ಟು ನೇರ ಸಂವಾದಕ್ಕೆ ಮತ್ತೆ ಮತ್ತೆ ಬೆರಳು ಎಳೆದರೆ ಉತ್ತರ ಬರುವ ಮೊದಲೇ ಹಳೆಯ ಸ್ಟ್ರೀಮ್ ರದ್ದು, ಹೊಸದು ಶುರು, ಮತ್ತೆ 499. ಕರಪತ್ರದ ಪುಟದಲ್ಲಿ ಬೇಗ ಕೆಳಗೆ ಸರಿದರೂ ಅದೇ. ಕೇಳುಗನೂ ದಾಳಿಕೋರನೂ ಲಾಗಿನಲ್ಲಿ ಒಂದೇ ಥರ ಕಾಣುತ್ತಾರೆ. ಈ ಮಾತು ತಲೆಗೆ ಹತ್ತಿದ ಮೇಲೆಯೇ ನನ್ನ ಕೆಲಸ ಸರಿದಾರಿಗೆ ಬಂದದ್ದು.

ನಡುವೆ ಕೆಲವು ಪ್ರಯೋಗ ಮಾಡಿದೆ. ಏಕಕಾಲದ ಸಂಪರ್ಕಗಳಿಗೆ ಮಿತಿ ಇಡುವ ಲಿಮಿಟ್ ಕಾನ್ 10 ಹಾಕಿದೆ. ಎಚ್‌ಟಿಟಿಪಿ/2ರಲ್ಲಿ ಏಕಕಾಲದ ಪ್ರತಿ ವಿನಂತಿಯನ್ನೂ ಅದು ಒಂದೊಂದು ಸಂಪರ್ಕವೆಂದೇ ಎಣಿಸುತ್ತದೆ. ಕರಪತ್ರದ ಪುಟದಲ್ಲಿ ಹತ್ತು ಚಿತ್ರ ಬಂದು ಉಳಿದದ್ದು 503 (ಸೇವೆ ಸಿಗದು ಎಂಬ ಉತ್ತರ). ಎಚ್‌ಟಿಟಿಪಿ/2 ಪೂರ್ತಿ ತೆಗೆದೂ ನೋಡಿದೆ. ದಾಳಿ ನಿಂತಿತು, ಆದರೆ ನನ್ನ ಫೋನಿನಲ್ಲಿ ನಾಲ್ಕು ಸೆಕೆಂಡಿಗೆ ತೆರೆಯುತ್ತಿದ್ದ ಪುಟ ಹತ್ತಕ್ಕೆ ಹೋಯಿತು. ಮುಖಪುಟಕ್ಕೆ ಫಾಸ್ಟ್‌ಸಿಜಿಐ ಕ್ಯಾಶ್ (ಪಿಎಚ್‌ಪಿಯ ಉತ್ತರವನ್ನು ಎತ್ತಿಟ್ಟು ಮತ್ತೆ ಕೊಡುವುದು) ಹಾಕಿದ್ದು ಮಾತ್ರ ಒಳ್ಳೆಯ ಫಲ ಕೊಟ್ಟಿತು, ಅದು ಇಂದಿಗೂ ಇದೆ. ಒಂದೇ ಪುಟಕ್ಕೆ ಒಮ್ಮೆಗೆ ಒಂದೇ ವಿನಂತಿ ಪಿಎಚ್‌ಪಿಗೆ ಹೋಗುವಂತೆ ಮಾಡುವ ಕ್ಯಾಶ್ ಲಾಕ್ ಜೊತೆಗೆ ಹಾಕಲು ಮರೆಯಬೇಡಿ.

ಕೊನೆಗೆ ಎರಡು ಸಂಖ್ಯೆಗಳನ್ನೂ ಡೀಫಾಲ್ಟ್‌ಗೆ ಇಳಿಸಿದೆ, 1000 ಮತ್ತು 128. ಅರ್ಧ ಕಾಯಿಲೆ ಅಲ್ಲಿಗೇ ಗುಣವಾಯಿತು, ಇದನ್ನು ಒಪ್ಪಿಕೊಳ್ಳಲೇಬೇಕು. ಬೆಂಗಳೂರಿನಲ್ಲಿರುವ ನನ್ನ ಭಾವ ಅಷ್ಟಕ್ಕೇ ನಿಲ್ಲಿಸು ಎಂದ. "ಡೀಫಾಲ್ಟ್ ಸಾಕು ಅಂತ ಎಂಜಿನ್‌ಎಕ್ಸ್‌ನವರೇ ಹೇಳಿದ್ದಾರೆ ಭಾವ. ನೀನು ಸಿ ಕೋಡ್ ಮುಟ್ಟಿ ಎಂತ ಮಾಡ್ತಿ?" ಆದರೆ ಸಾವಿರಕ್ಕೆ ಸಂಪರ್ಕ ಕಡಿದರೆ ಅವರು ಹೊಸದು ತೆರೆಯುತ್ತಾರೆ. ದೊಡ್ಡ ಯಂತ್ರಕ್ಕೆ ಅದು ಲೆಕ್ಕಕ್ಕಿಲ್ಲ, ಎರಡು ಕೋರಿನ ನಮಗೆ ಇದೆ.

ಎಂಜಿನ್‌ಎಕ್ಸ್‌ನವರು 1.25.3ರಲ್ಲಿ, ಅದೇ ಅಕ್ಟೋಬರಿನಲ್ಲಿ, ಒಂದು ಪುಟ್ಟ ತಿದ್ದುಪಡಿ ಸೇರಿಸಿದ್ದರು. ಇವೆಂಟ್ ಲೂಪಿನ (ಬಂದದ್ದನ್ನು ಓದಿ ಕೆಲಸ ಮಾಡುತ್ತ ಎಂಜಿನ್‌ಎಕ್ಸ್ ಸುತ್ತುವ ಚಕ್ರ) ಒಂದು ಸುತ್ತಿನಲ್ಲಿ ಏಕಕಾಲದ ಮಿತಿಯ ಎರಡರಷ್ಟಕ್ಕಿಂತ (128 ಇದ್ದರೆ 256) ಹೆಚ್ಚು ಹೊಸ ಸ್ಟ್ರೀಮ್ ಬಂದರೆ ನಿರಾಕರಿಸುವುದು. ರದ್ದಾದದ್ದೂ ಲೆಕ್ಕಕ್ಕೆ ಸೇರುತ್ತದೆ. ನಮಗೆ ಬೇಕಾದದ್ದು ಇದೇ. ಸಿಗ್ನಲ್ ತಪ್ಪಿದ ಪೈವಳಿಕೆಯ ಫೋನ್ ದಿನಕ್ಕೆ ನೂರು ಸಲ ರದ್ದು ಮಾಡೀತು, ಆದರೆ ಒಂದೇ ಸುತ್ತಿನಲ್ಲಿ 256 ಸ್ಟ್ರೀಮ್ ಎಂದೂ ತೆರೆಯದು.

ಮೊದಲ ಸಲ ಎಂಜಿನ್‌ಎಕ್ಸ್‌ನವರ ಮೂಲ ಟಾರ್‌ಬಾಲ್ (ಕೋಡಿನ ಕಟ್ಟು) ತಂದು ಕಂಪೈಲ್ ಮಾಡಿ ಕಟ್ಟಿದೆ. ಡೆಬಿಯನ್‌ನ ಡೈನಾಮಿಕ್ ಮಾಡ್ಯೂಲುಗಳು (ಬೇರೆಯಾಗಿ ಜೋಡಿಸುವ ಭಾಗಗಳು) ಬೈನರಿ ಹೊಂದುವುದಿಲ್ಲ ಎಂದು ಲೋಡ್ ಆಗಲೇ ಇಲ್ಲ. ಒಂದು ಭಾನುವಾರ ಹೋಯಿತು. ಮತ್ತೆ ಡೆಬಿಯನ್ ಸೋರ್ಸ್ ಪ್ಯಾಕೇಜನ್ನೇ ತಂದು, ಕ್ವಿಲ್ಟ್ ಎಂಬ ಸಾಧನದಲ್ಲಿ ಆ ತಿದ್ದುಪಡಿಯ ಪ್ಯಾಚ್ ಸೇರಿಸಿದೆ. 1.25ಕ್ಕೆ ಬರೆದದ್ದು 1.22.1ರ ಮೇಲೆ ಸಲೀಸಾಗಿ ಕೂರಲಿಲ್ಲ. ಹೊಂದದ ಒಂದು ತುಂಡು ರಿಜೆಕ್ಟ್ ಫೈಲಿಗೆ ಹೋದದ್ದನ್ನು ನಾನು ಗಮನಿಸಲಿಲ್ಲ. ಕಂಪೈಲ್ ಆಯಿತು, ಓಡಿತು, ದಾಳಿಯನ್ನೂ ತಡೆಯಿತು. ಖುಷಿಯಿಂದ ಕರಪತ್ರದ ಪುಟ ತೆರೆದರೆ 256ರ ಹತ್ತಿರ ಚಿತ್ರ ಬಂದು ಮುಂದೆ ಎಲ್ಲ ಖಾಲಿ. ಎಷ್ಟು ಸಲ ತೆರೆದರೂ ಅಲ್ಲೇ. ಆ ಸಂಖ್ಯೆಯೇ ದಾರಿ ತೋರಿಸಿತು. ಬಿಟ್ಟುಹೋದದ್ದು ಓದುವ ಹ್ಯಾಂಡ್ಲರಿನ ಆರಂಭದಲ್ಲಿ ಎಣಿಕೆಯನ್ನು ಸೊನ್ನೆ ಮಾಡುವ ಒಂದೇ ಸಾಲು. ಅದಿಲ್ಲದೆ ಸುತ್ತಿನ ಲೆಕ್ಕ ಸಂಪರ್ಕದ ಆಯುಷ್ಯದ ಲೆಕ್ಕವಾಗಿಬಿಟ್ಟಿತ್ತು. ಕೈಯಿಂದ ಸೇರಿಸಿದೆ.

ಪರೀಕ್ಷೆ ಎಲ್ಲ ಮನೆಯಲ್ಲೇ, ಎರಡು ಹಳೆಯ ಲ್ಯಾಪ್‌ಟಾಪ್ ಒಂದೇ ಸ್ವಿಚ್ಚಿಗೆ ಕಟ್ಟಿ. ಎಚ್‌2ಲೋಡ್ ಎಂಬ ಪರೀಕ್ಷಾ ಸಾಧನ ವಿನಂತಿಗಳನ್ನು ರದ್ದು ಮಾಡುವುದಿಲ್ಲ, ಹಾಗಾಗಿ ಪೈಥಾನಿನಲ್ಲಿ ಒಂದು ಸ್ಕ್ರಿಪ್ಟ್ ಬರೆದುಕೊಂಡೆ. ಅದನ್ನು ಯಾರಿಗೂ ಕೊಡುವುದಿಲ್ಲ, ಕೇಳಬೇಡಿ. ನೆನಪಿನಿಂದ ಹೇಳುವುದಾದರೆ: ಹಳೆಯ ಸಂಖ್ಯೆಗಳಲ್ಲಿ ಎರಡೂ ಕೋರ್ ಪೂರ್ತಿ, ಮುಖಪುಟಕ್ಕೆ ಇಪ್ಪತ್ತು ಸೆಕೆಂಡಿನ ಮೇಲೆ. ಡೀಫಾಲ್ಟ್‌ನಲ್ಲಿ ಶೇ. 60-70. ಪ್ಯಾಚ್ ಹಾಕಿದ ಮೇಲೆ ಶೇ. 20ರ ಒಳಗೆ, ಮುಖಪುಟ ಒಂದು ಸೆಕೆಂಡು.

ಸರ್ವರಿಗೆ ಹಾಕುವಾಗ ಕೇಳುಗರ ಸಂಪರ್ಕ ತಪ್ಪದಂತೆ ಬೈನರಿ ಬದಲಿಸಿದೆ, ಯುಎಸ್ಆರ್2, ವಿಂಚ್, ಕ್ವಿಟ್ ಎಂಬ ಸಂಕೇತಗಳನ್ನು ಆ ಕ್ರಮದಲ್ಲಿ ಕಳಿಸಿ. ಇಲ್ಲಿ ಒಂದು ಗುಂಡಿ ಇದೆ. ಹಳೆಯ ವರ್ಕರ್ (ಸಂಪರ್ಕಗಳನ್ನು ನೋಡಿಕೊಳ್ಳುವ ಎಂಜಿನ್‌ಎಕ್ಸ್ ಪ್ರಕ್ರಿಯೆ) ತನ್ನ ಸಂಪರ್ಕಗಳು ಮುಗಿಯುವವರೆಗೆ ಸಾಯುವುದಿಲ್ಲ. ನಮ್ಮಲ್ಲಿ ಐದು ಗಂಟೆಯ ಕರ್ಣಪರ್ವ ಕೇಳುವವರಿದ್ದಾರೆ, ಪ್ಯಾಚ್ ಇಲ್ಲದ ವರ್ಕರ್ ನಡುರಾತ್ರಿವರೆಗೆ ಬದುಕಿತ್ತು. ದಾಳಿಯ ಸಂಪರ್ಕವೂ ಅದರಲ್ಲೇ ಕೂತಿರಬಹುದು. ವರ್ಕರ್ ಶಟ್‌ಡೌನ್ ಟೈಮ್‌ಔಟ್ ಒಂದು ಗಂಟೆ ಇಟ್ಟ ಮೇಲೆ ಸರಿಯಾಯಿತು.

ಇನ್ನೊಂದು ಪೆಟ್ಟು ಆಮೇಲೆ ಬಿತ್ತು. ಆವೃತ್ತಿಗೆ ನನ್ನದೇ ಬಾಲ ಸೇರಿಸಿ 1.22.1-9ಕೆಎಸ್‌ಡಿ1 ಎಂದು ಹೆಸರಿಟ್ಟಿದ್ದೆ. ಡೆಬಿಯನ್‌ನ ಹೋಲಿಕೆಯಲ್ಲಿ ಅಕ್ಷರಕ್ಕಿಂತ ಪ್ಲಸ್ ಚಿಹ್ನೆ ದೊಡ್ಡದು. ಮುಂದೆ ಪ್ಲಸ್ ಇದ್ದ ಅಪ್‌ಡೇಟ್ ಬಂದ ರಾತ್ರಿ ತಾನಾಗಿ ಅಪ್‌ಡೇಟ್ ಹಾಕುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ ನನ್ನದನ್ನು ಒರೆಸಿ ಅವರದ್ದನ್ನು ಹಾಕಿತ್ತು. ಈಗ ಪ್ಯಾಕೇಜ್ ತಾನಾಗಿ ಬದಲಾಗದಂತೆ ಹೋಲ್ಡ್‌ನಲ್ಲಿದೆ. ಹೋಲ್ಡ್ ಮಾಡಿದವನಿಗೆ ಡೆಬಿಯನ್ ಸೆಕ್ಯುರಿಟಿ ಪ್ರಕಟಣೆಗಳನ್ನು ಪ್ರತಿ ಸಲವೂ ಓದಿ ಮತ್ತೆ ಕಟ್ಟುವ ಹೊಣೆ ಇರುತ್ತದೆ. ಇದುವರೆಗೆ ತಪ್ಪಿಸಿಲ್ಲ. ಕಟ್ಟಲು ಸುಮಾರು ಹತ್ತು ನಿಮಿಷ, ಮಳೆಗಾಲದಲ್ಲಿ ಕರೆಂಟ್ ಹೋಗುವ ಮುಂಚೆ ಮುಗಿಯುತ್ತದೆ.

ಮಿತಿ ಮೀರಿದ ಸಂಪರ್ಕಗಳನ್ನು ಮುಂದೆ ಏನು ಮಾಡುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ. ಐಪಿ ಹೊರಗಿಡುವುದಂತೂ ಅಲ್ಲ. ಫೇಲ್‌ಟುಬ್ಯಾನ್‌ನ ಆ ನಿಯಮ ಅಂದೇ ಅಳಿಸಿದೆ. ನಾಲ್ಕು ಕೋರಿನಿಂದ ಎರಡಕ್ಕೆ ಇಳಿದಿದ್ದೇನೆ, ಬಿಲ್ ಮತ್ತೆ ಸಾವಿರದ ಐನೂರು. ಮೊನ್ನೆಯ ಗ್ರಾಫನ್ನು ಭಾವನಿಗೆ ಕಳಿಸಿದೆ. "ಪ್ಯಾಚ್ ಫೈಲ್ ಕಳಿಸು ಭಾವ, ಆಫೀಸಿನಲ್ಲಿ ಒಂದು 1.22 ಇದೆ" ಎಂದು ಉತ್ತರ ಬಂತು. ರಿಜೆಕ್ಟ್ ಆಗುವ ಆ ಸಾಲನ್ನೂ ಸೇರಿಸಿಯೇ ಕಳಿಸಿದ್ದೇನೆ.