ಐದು ದೇಶದವರ ಗ್ಯಾಂಗಿಗೆ ಕೆಲಸ ಹೇಳುವ ಮುನ್ನ

ದುಬೈನಲ್ಲಿ ನಾನು ಎಲೆಕ್ಟ್ರಿಕಲ್ ಫೋರ್‌ಮನ್, ಊರು ಕುಂದಾಪುರದ ಹತ್ತಿರ. ಕೈಕೆಳಗೆ 14 ಜನ: ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ, ಫಿಲಿಪೈನ್ಸ್, ಈಜಿಪ್ಟಿನವರು. ಹೊಸದಾಗಿ ಫೋರ್‌ಮನ್ ಆಗುವವರು ಮೊದಲು ತಮ್ಮ ಮಾತನ್ನೇ ಸರಿ ಮಾಡಿಕೊಳ್ಳಬೇಕು.

ಒಮ್ಮೆ ಕೇಬಲ್ ಬಿಚ್ಚಿಸುವ ಮೊದಲು ಪ್ಯಾನೆಲ್ ಹತ್ತಿರವಿದ್ದ ಈಜಿಪ್ಟಿನವನಿಗೆ ‘ಬ್ರೇಕರ್ ಕ್ಲೋಸ್’ ಎಂದೆ. ಬ್ರೇಕರ್ ಅಂದರೆ ಕರೆಂಟ್ ಕೊಡುವ, ಕಡಿಯುವ ಸ್ವಿಚ್. ನನ್ನ ತಲೆಯಲ್ಲಿದ್ದದ್ದು ‘ಬಂದ್ ಮಾಡು’. ಅವನು ನೋಡಿ ‘ಯೆಸ್, ಕ್ಲೋಸ್ಡ್’ ಎಂದ. ಅವನು ಹೇಳಿದ್ದು ಸರಿಯೇ. ಬ್ರೇಕರ್ ಕ್ಲೋಸ್ ಆಗಿದೆ ಅಂದರೆ ಕರೆಂಟ್ ಹರಿಯುತ್ತಿದೆ ಎಂದರ್ಥ. ನೇಪಾಳದ ಹುಡುಗನಿಗೆ ಬಿಚ್ಚಲು ಹೇಳಿದೆ. ಅವನು ರೂಢಿಯಂತೆ ಮೊದಲು ಟೆಸ್ಟರ್ ಇಟ್ಟ. ಅದು ಉರಿಯಿತು. ಇವತ್ತಿಗೂ ನೆನೆದರೆ ಕೈ ತಣ್ಣಗಾಗುತ್ತದೆ.

ಅಂದಿನಿಂದ ‘ಆನ್’, ‘ಆಫ್’ ಎರಡೇ ಪದ. ಬಿಚ್ಚುವವನೇ ಬ್ರೇಕರಿಗೆ ಬೀಗ ಹಾಕಿ ಕೀಲಿ ಜೇಬಿಗಿಳಿಸಬೇಕು, ಆಮೇಲೆ ಟೆಸ್ಟರ್.

‘ಗೊತ್ತಾಯ್ತಾ?’ ಎಂದು ಕೇಳಬೇಡಿ. ಗೊತ್ತಾಗದವನೂ ಮರ್ಯಾದೆಗೆ ಹೌದು ಎನ್ನುತ್ತಾನೆ. ‘ಮೊದಲು ಏನು ಮಾಡ್ತೀಯ, ತೋರಿಸು’ ಎನ್ನಿ. ನಾವು ಒಪ್ಪಿಗೆಗೆ ತಲೆ ಅಲ್ಲಾಡಿಸುವುದು ಫಿಲಿಪೈನ್ಸಿನವರಿಗೆ ಬೇಡವೆಂದಂತೆ ಕಾಣಬಹುದು. ಅವರು ಹುಬ್ಬೇರಿಸಿದರೆ ಅದು ಹೌದು, ನಮಗೆ ಎದುರುತ್ತರ ಕೊಟ್ಟಂತೆ ಕಾಣುತ್ತದೆ. ಸೈಟಿನ ಹಿಂದಿಯ ‘ಕಲ್’ ನಿನ್ನೆಯೂ ಹೌದು, ನಾಳೆಯೂ ಹೌದು. ಹಾಗಾಗಿ ವಾರದ ಹೆಸರು ಹೇಳಿ.

ಕರೆಯುವಾಗ ನೇಪಾಳಿಗೆ ‘ದಾಯಿ’, ಫಿಲಿಪೈನ್ಸಿನ ಹಿರಿಯನಿಗೆ ‘ಕುಯಾ’. ಎರಡೂ ಅಣ್ಣ ಎಂದೇ. ಬೈಯುವುದಿದ್ದರೆ ಪಕ್ಕಕ್ಕೆ ಕರೆದು ಬೈಯಿರಿ. ಎಲ್ಲರೆದುರು ಬೈಸಿಕೊಂಡವನು ನಾಳೆ ತಪ್ಪು ಕಂಡರೂ ಬಾಯಿ ಬಿಡುವುದಿಲ್ಲ.

ರಜೆಯ ಪಟ್ಟಿ ಜನವರಿಯಲ್ಲೇ ಗೋಡೆಗೆ ಅಂಟಿಸಿ: ದಶೈಂ (ನೇಪಾಳದವರ ದಸರಾ), ಈದ್, ಕ್ರಿಸ್‌ಮಸ್. ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಪಾಳಿ ಹೊರಲಿ. ರಂಜಾನಿನಲ್ಲಿ ದಿನಕ್ಕೆ 2 ಗಂಟೆ ಕೆಲಸ ಕಡಿಮೆ, ಭಾರದ ಕೇಬಲ್ ಬೆಳಿಗ್ಗೆಯೇ ಎಳೆಸಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ದುಡಿಸುವಂತೆಯೇ ಇಲ್ಲ. ಆ ಹೊತ್ತಲ್ಲಿ ಎಲ್ಲರೂ ಒಂದೇ ನೆರಳಲ್ಲಿ ಕೂತು ಡಬ್ಬಿ ಬಿಚ್ಚುವಂತೆ ನೋಡಿಕೊಳ್ಳಿ. ನನ್ನ ಗ್ಯಾಂಗು ಒಂದಾದದ್ದು ಬಾಂಗ್ಲಾದ ಹುಡುಗನ ಮೀನು ಸಾರಿನ ಸುತ್ತ.

ಸಾಮಾನ್ಯ ಕೆಲಸಕ್ಕೆ ಬೇರೆ ಬೇರೆ ದೇಶದವರ ಜೋಡಿ ಮಾಡುತ್ತೇನೆ. ಎತ್ತರದ ಕೆಲಸಕ್ಕೆ ಮಾತ್ರ ಒಂದೇ ಭಾಷೆಯವರು, ಯಾಕೆಂದರೆ ಗಾಬರಿಯಲ್ಲಿ ಬಾಯಿಗೆ ಬರುವುದು ಮನೆಮಾತು. ಅದಕ್ಕೇ ‘ನಿಲ್ಲಿಸು’ ಎನ್ನುವ ಪದವನ್ನು ಎಲ್ಲರ ಭಾಷೆಯಲ್ಲೂ ಕಲಿತುಕೊಳ್ಳಿ: ನೇಪಾಳಿಯ ‘ರೋಕ್’, ಬಂಗಾಳಿಯ ‘ಥಾಮೋ’, ಉರ್ದುವಿನ ‘ರುಕೋ’, ಫಿಲಿಪೈನ್ಸಿನವರ ಟಗಾಲೊಗ್‌ನ ‘ಹಿಂತೋ’. ಯಾರು ಕೂಗಿದರೂ ಕೇಬಲ್ ಎಳೆಯುವ ಯಂತ್ರ ವಿಂಚ್ ನಿಲ್ಲಬೇಕು, ಕೂಗಿದವನು ಮೊನ್ನೆ ಬಂದ ಹೆಲ್ಪರ್ ಆಗಿದ್ದರೂ.